ಮನೆಯ ಜಾಲದಲ್ಲಿ ಕೊಡಗಿನ ಪುಸ್ತಕಗಳು

ಇ-ಪುಸ್ತಕಗಳ ಸಂಗ್ರಹ ಬೆಳೆದಂತೆಲ್ಲ ಮನೆಯ ಹತ್ತು ಕಡೆ ಹಂಚಿಹೋಗುತ್ತದೆ. ಒಂದಷ್ಟು ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿನಲ್ಲಿ, ಒಂದಷ್ಟು ಫೋನಿನ ವಾಟ್ಸ್‌ಆ್ಯಪ್ ಕಡತಗಳ ನಡುವೆ, ಉಳಿದದ್ದು ಯಾವುದೋ ಪೆನ್ ಡ್ರೈವಿನಲ್ಲಿ. ಇವನ್ನೆಲ್ಲ ಒಂದೇ ಡಿಸ್ಕಿಗೆ ತಂದು, ಆ ಡಿಸ್ಕನ್ನು ವೈಫೈ ರೂಟರಿಗೆ ಸೇರಿಸಿದರೆ ಮನೆಯ ಯಾವ ಫೋನು, ಟ್ಯಾಬ್ ಅಥವಾ ಕಂಪ್ಯೂಟರಿನಿಂದಲಾದರೂ ಅವು ಸಿಗುತ್ತವೆ. ಇದೇ ಮನೆಯ ಜಾಲದ ಪುಸ್ತಕ ಭಂಡಾರ. ದೊಡ್ಡ ಊರುಗಳಲ್ಲಿ ಇದು ಅನುಕೂಲಕ್ಕೆಂದು ಮಾಡಿಕೊಳ್ಳುವ ವ್ಯವಸ್ಥೆ. ಕೊಡಗಿನಲ್ಲಿ ಅದಕ್ಕಿಂತ ಗಟ್ಟಿಯಾದ ಕಾರಣಗಳಿವೆ.

ಮೊದಲ ಕಾರಣ ಮಳೆ. ಭಾಗಮಂಡಲದಲ್ಲಿ ವರ್ಷಕ್ಕೆ ಸುಮಾರು 6000 ಮಿಲಿಮೀಟರ್, ಮಡಿಕೇರಿಯಲ್ಲಿ 3000ಕ್ಕೂ ಹೆಚ್ಚು ಸುರಿಯುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ರಟ್ಟು ಉಬ್ಬುತ್ತದೆ, ಬೇಸಿಗೆಯಲ್ಲಿ ಗೆದ್ದಲು ಹುಳು ಉಳಿದ ಕೆಲಸ ಮುಗಿಸುತ್ತದೆ. ಎರಡನೆಯದು ಹೊರಗಿನ ಇಂಟರ್ನೆಟ್ ಸಂಪರ್ಕ. ತೋಟದ ಮನೆಗಳು ಒಂದಕ್ಕೊಂದು ದೂರದಲ್ಲಿವೆ, ತಂತಿ ಮರಗಳ ನಡುವೆ ಹಾದು ಬರುತ್ತದೆ. ಸಿಲ್ವರ್ ಓಕ್‌ನ ಒಂದು ಕೊಂಬೆ ಬಿದ್ದರೂ ಸಂಪರ್ಕ ದಿನಗಟ್ಟಲೆ ಇರುವುದಿಲ್ಲ. ಆದರೆ ಮನೆಯೊಳಗಿನ ಜಾಲಕ್ಕೆ ಹೊರಗಿನ ತಂತಿ ಬೇಕಿಲ್ಲ. ರೂಟರಿಗೂ ಡಿಸ್ಕಿಗೂ ಕರೆಂಟು ಇರುವವರೆಗೆ ಮನೆಯೊಳಗಿನ ವೈಫೈ ನಡೆಯುತ್ತದೆ, ಪುಸ್ತಕಗಳು ತೆರೆಯುತ್ತವೆ. ಇಂಟರ್ನೆಟ್ ಇಲ್ಲದ ವೈಫೈ ನಿರುಪಯೋಗಿ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ.

ಮೂರನೆಯ ಕಾರಣ ಪುಸ್ತಕಗಳದ್ದೇ. ಕೊಡಗನ್ನು ಕುರಿತ ಹಳೆಯ ಗ್ರಂಥಗಳಲ್ಲಿ ಹಲವು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಅವುಗಳಲ್ಲಿ ಅನೇಕದರ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿರುವ ಭಾರತೀಯ ಪುಸ್ತಕಗಳ ದೊಡ್ಡ ಪಾಲು ಬಂದದ್ದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೂ ಸೇರಿ 2000ದ ದಶಕದಲ್ಲಿ ಕೈಗೊಂಡ ಕೆಲಸ ಅದು. ಮುಂದೆ ಆ ಯೋಜನೆಯ ಸ್ವಂತ ಜಾಲತಾಣ ಮುಚ್ಚಿಹೋಯಿತು. ಅಷ್ಟರಲ್ಲಿ ಬೇರೆಯವರು ಪ್ರತಿ ತೆಗೆದು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದರಿಂದ ಪುಸ್ತಕಗಳು ಉಳಿದವು. ಸರ್ಕಾರದ ನೆರವಿನಿಂದ ನಡೆದ ಭಂಡಾರದ ಕತೆಯೇ ಹೀಗಿರುವಾಗ, ಬೇಕಾದ ಪುಸ್ತಕದ ಕೊಂಡಿಯನ್ನು ಮಾತ್ರ ಉಳಿಸಿಟ್ಟುಕೊಂಡು ನೆಮ್ಮದಿಯಾಗಿರಲು ಸಾಧ್ಯವಿಲ್ಲ. ಪುಸ್ತಕವೇ ಮನೆಯಲ್ಲಿರಬೇಕು.

ಹಣ ಕೊಟ್ಟು ಕೊಂಡ ಇ-ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. 2009ರ ಜುಲೈನಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್ಲನ ಎರಡು ಕೃತಿಗಳ ಒಂದು ಆವೃತ್ತಿಯನ್ನು ಗಿರಾಕಿಗಳ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗಿರಾಕಿಗಳಿಗೆ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ಕಿಂಡಲ್ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಮಾರುವವನ ಬೀಗ ಬಿದ್ದ ಪುಸ್ತಕ, ಆ್ಯಪ್‌ನ ಒಳಗಷ್ಟೇ ತೆರೆಯುವ ಪುಸ್ತಕ, ಇವು ಮನೆಯ ಡಿಸ್ಕಿಗೆ ಬಂದರೂ ಅಲ್ಲಿಂದ ತೆರೆಯುವುದಿಲ್ಲ. ಕೊಳ್ಳುವಾಗಲೇ ಬೀಗವಿಲ್ಲದ ಇ-ಪಬ್ ಅಥವಾ ಪಿಡಿಎಫ್ ಕೊಡುವ ಪ್ರಕಾಶಕರನ್ನು ಆರಿಸಿಕೊಳ್ಳುವುದು ಇದಕ್ಕಿರುವ ಒಳ್ಳೆಯ ದಾರಿ.

ಯಾವ ಪುಸ್ತಕ, ಯಾರ ಹಕ್ಕು

ಕೊಡಗಿನ ಮನೆಯೊಂದರ ಭಂಡಾರದಲ್ಲಿ ಏನೇನಿರಬಹುದು ಎಂದು ನೋಡಿದರೆ ಮೊದಲು ನೆನಪಾಗುವುದು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’. ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಸಂಗ್ರಹಿಸಿ ಕೊಟ್ಟ ಈ ಗ್ರಂಥ ಅಚ್ಚಾದದ್ದು 1924ರಲ್ಲಿ. ಅದರ ಜೊತೆಗೆ ಹರದಾಸ ಅಪ್ಪಚ್ಚ ಕವಿಗಳ ನಾಟಕಗಳು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ಪದ್ಯಗಳು, ಕೊಡಗಿನ ಗೌರಮ್ಮನವರ ‘ಕಂಬನಿ’ ಮತ್ತು ‘ಚಿಗುರು’, ಭಾರತೀಸುತರ ಕಾದಂಬರಿಗಳು. ಇಂಗ್ಲಿಷಿನಲ್ಲಿ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮಾಯಿರ್ಸ್’, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1870ರಲ್ಲಿ ಅಚ್ಚಾದ ರಿಕ್ಟರ್‌ನ ‘ಮ್ಯಾನ್ಯುಯಲ್ ಆಫ್ ಕೂರ್ಗ್’, ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವಾಗಿ 1886ರಲ್ಲಿ ಬಂದ ಲೂಯಿಸ್ ರೈಸ್‌ನ ಕೊಡಗಿನ ಶಾಸನಗಳು.

ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಚಿಣ್ಣಪ್ಪನವರು 1931ರಲ್ಲಿ, ಪಂಜೆಯವರು 1937ರಲ್ಲಿ, ಗೌರಮ್ಮನವರು 1939ರಲ್ಲಿ, ಅಪ್ಪಚ್ಚ ಕವಿಗಳು 1944ರಲ್ಲಿ ತೀರಿಕೊಂಡರು. ಇವರೆಲ್ಲರ ಕೃತಿಗಳು ಈಗ ಎಲ್ಲರ ಸ್ವತ್ತು. ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಭಾರತೀಸುತರು ತೀರಿಕೊಂಡದ್ದು 1976ರಲ್ಲಿ. ಅವರ ಕಾದಂಬರಿಗಳ ಹಕ್ಕು 2036ರ ಕೊನೆಯವರೆಗೂ ಇರುತ್ತದೆ. ‘ರಿಲಿಜನ್ ಅಂಡ್ ಸೊಸೈಟಿ ಅಮಾಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಬರೆದ ಎಂ.ಎನ್. ಶ್ರೀನಿವಾಸರು 1999ರವರೆಗೆ ಬದುಕಿದ್ದರು, ಆ ಪುಸ್ತಕ ಇನ್ನೂ ಬಹುಕಾಲ ಹಕ್ಕಿನೊಳಗೇ ಇರುತ್ತದೆ. ಅನುವಾದಕ್ಕೆ ಬೇರೆಯೇ ಹಕ್ಕು ಉಂಟು. ‘ಪಟ್ಟೋಲೆ ಪಳಮೆ’ ಮುಕ್ತವಾಗಿದ್ದರೂ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಹೊರತಂದ ಅದರ ಇಂಗ್ಲಿಷ್ ಅನುವಾದ ಮುಕ್ತವಲ್ಲ. ಭಂಡಾರದಲ್ಲಿ ಆರಂಭದಿಂದಲೇ ಎರಡು ಫೋಲ್ಡರು ಮಾಡಿ, ಹಂಚಬಹುದಾದದ್ದನ್ನೂ ಮನೆಯೊಳಗೆ ಓದಲಷ್ಟೇ ಕೊಂಡದ್ದನ್ನೂ ಬೇರೆಬೇರೆ ಇಟ್ಟರೆ, ಮುಂದೆ ನೆಂಟರು ಪ್ರತಿ ಕೇಳಿದಾಗ ಗೊಂದಲವಿರುವುದಿಲ್ಲ.

ಮನೆಯಲ್ಲೇ ಇರುವ ಕಾಗದಗಳನ್ನೂ ಇಲ್ಲಿ ಮರೆಯುವಂತಿಲ್ಲ. ಒಕ್ಕ ಎಂಬ ಕೊಡವ ಮನೆತನದ ವಂಶಾವಳಿ, ಅದರ ಮೂಲಮನೆಯಾದ ಐನ್‌ಮನೆಯ ಹಳೆಯ ಪತ್ರಗಳು, ತೋಟದ ಲೆಕ್ಕದ ಪುಸ್ತಕ, ಸಂಘದ ಸ್ಮರಣ ಸಂಚಿಕೆಗಳು ಬೇರೆಲ್ಲೂ ಪ್ರತಿಯಿಲ್ಲದವು. ರಿಕ್ಟರ್‌ನ ಗ್ರಂಥ ಹಾಳಾದರೆ ಇನ್ನೊಮ್ಮೆ ಇಳಿಸಿಕೊಳ್ಳಬಹುದು, ಅಜ್ಜನ ಲೆಕ್ಕದ ಪುಸ್ತಕವನ್ನು ಇಳಿಸಿಕೊಳ್ಳಲು ಜಾಗವಿಲ್ಲ. ಆದ್ದರಿಂದ ಸ್ಕ್ಯಾನ್ ಮಾಡುವ ಸರದಿಯಲ್ಲಿ ಮನೆಯ ಕಾಗದಗಳೇ ಮೊದಲು ಬರಬೇಕು.

ಪೆಟ್ಟಿಗೆ, ಕರೆಂಟು, ಸಿಡಿಲು

ಜಾಗದ ಲೆಕ್ಕ ಸುಲಭ. ಬರೀ ಅಕ್ಷರಗಳಿರುವ ಇ-ಪಬ್ ಪುಸ್ತಕ ಸಾಮಾನ್ಯವಾಗಿ ಒಂದು ಎಂಬಿ ಸುತ್ತ ಇರುತ್ತದೆ. ಪುಟಪುಟವೂ ಚಿತ್ರವಾಗಿರುವ ಸ್ಕ್ಯಾನ್ ಪಿಡಿಎಫ್ 20ರಿಂದ 100 ಎಂಬಿವರೆಗೂ ಹೋಗುತ್ತದೆ. ತಲಾ 50 ಎಂಬಿ ಎಂದು ಹಿಡಿದರೂ ಒಂದು ಟಿಬಿ ಡಿಸ್ಕಿನಲ್ಲಿ 20,000 ಪುಸ್ತಕ ಹಿಡಿಸುತ್ತವೆ. ಒಂದು ಮನೆಗೆ ಅಷ್ಟು ಧಾರಾಳ.

ಡಿಸ್ಕನ್ನು ಜಾಲಕ್ಕೆ ಸೇರಿಸಲು ಮೂರು ದಾರಿಗಳಿವೆ. ಹಲವು ರೂಟರುಗಳ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ. ಅದಕ್ಕೆ ಡಿಸ್ಕ್ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ, ಆದರೆ ವೇಗ ಕಡಿಮೆ, ಹಿಡಿತವೂ ಕಡಿಮೆ. ಸಿನಾಲಜಿ, ಕ್ಯೂನ್ಯಾಪ್ ಮೊದಲಾದವರು ಮಾರುವ ‘ನ್ಯಾಸ್’ ಪೆಟ್ಟಿಗೆಗಳು ಇದೇ ಕೆಲಸಕ್ಕೆಂದು ಮಾಡಿದವು. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಬರೆದಿಟ್ಟು, ಒಂದು ಕೆಟ್ಟರೂ ನಡೆಯುತ್ತವೆ. ಮೂರನೆಯದು ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಅಥವಾ ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪ್. ಪುಸ್ತಕಗಳಿಗಷ್ಟೇ ಆದರೆ ಹಳೆಯ ಲ್ಯಾಪ್‌ಟಾಪೇ ಕೊಡಗಿಗೆ ಹೆಚ್ಚು ಒಗ್ಗುತ್ತದೆ. ಅದರ ಬ್ಯಾಟರಿ ಇನ್ನೂ ಸ್ವಲ್ಪ ಜೀವ ಹಿಡಿದಿದ್ದರೆ ಕರೆಂಟ್ ಹೋಗಿ ಬರುವ ಆ ಕೆಲವು ನಿಮಿಷಗಳನ್ನು ತಾನಾಗಿಯೇ ದಾಟಿಸುತ್ತದೆ.

ಕರೆಂಟಿನ ಖರ್ಚು ಹೆದರುವಷ್ಟಿಲ್ಲ. ಹತ್ತು ವ್ಯಾಟ್ ತಿನ್ನುವ ಸಾಧನ ಹಗಲಿರುಳು ನಡೆದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ ಆಗುತ್ತದೆ. ಎರಡು ಡಿಸ್ಕಿನ ಪೆಟ್ಟಿಗೆಯಾದರೆ ಅದರ ಇಮ್ಮಡಿ. ಮುಖ್ಯವಾದದ್ದು ಕರೆಂಟ್ ಹೋಗುವ ರೀತಿ. ಬರೆಯುತ್ತಿರುವಾಗಲೇ ಡಿಸ್ಕಿನ ಕರೆಂಟ್ ಕಡಿದರೆ ಅರ್ಧ ಬರೆದ ಕಡತ ಕೆಡಬಹುದು, ಪದೇ ಪದೇ ಹೀಗಾದರೆ ಡಿಸ್ಕೇ ಕೆಡಬಹುದು. ಕೊಡಗಿನ ಅನೇಕ ಮನೆಗಳಲ್ಲಿ ಈಗಾಗಲೇ ಇನ್ವರ್ಟರ್ ಇದೆ. ರೂಟರನ್ನೂ ಡಿಸ್ಕನ್ನೂ ಅದರ ಸಾಲಿಗೆ ಸೇರಿಸಿ, ಇನ್ವರ್ಟರಿನ ‘ಯುಪಿಎಸ್’ ಗುಂಡಿಯನ್ನು ಒತ್ತಿಡಬೇಕು. ಸಾಧಾರಣ ಸ್ಥಿತಿಯಲ್ಲಿ ಇನ್ವರ್ಟರ್ ಬ್ಯಾಟರಿಗೆ ಹೊರಳಲು ತೆಗೆದುಕೊಳ್ಳುವ ಚೂರು ಹೊತ್ತಿನಲ್ಲೇ ರೂಟರ್ ಆರಿ ಹೊತ್ತಿಕೊಳ್ಳುತ್ತದೆ. ಆ ಗುಂಡಿ ಈ ಅಂತರವನ್ನು ಕಡಿಮೆ ಮಾಡುತ್ತದೆ. 150 ಆ್ಯಂಪಿಯರ್-ಅವರ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದು, ಬೇರೆ ಹೊರೆ ಹೆಚ್ಚಿಲ್ಲದಿದ್ದರೆ ರೂಟರ್ ಮತ್ತು ಡಿಸ್ಕ್ ಎರಡನ್ನೂ ಸುಮಾರು ಒಂದು ದಿನ ನಡೆಸಬಲ್ಲದು. ಬ್ಯಾಟರಿ ಮುಗಿಯುವ ಮುನ್ನ ಡಿಸ್ಕನ್ನು ಕ್ರಮವಾಗಿ ಮುಚ್ಚುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು.

ಸಿಡಿಲಿನದು ಬೇರೆ ಮಾತು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ಕರೆಂಟಿನ ತಂತಿಯಿಂದಲೂ ಹಳೆಯ ತಾಮ್ರದ ಟೆಲಿಫೋನ್ ತಂತಿಯಿಂದಲೂ ಸಿಡಿಲಿನ ಹೊಡೆತ ಒಳಗೆ ಬರುತ್ತದೆ. ಫೈಬರ್ ಗಾಜಿನ ಎಳೆಯಾದ್ದರಿಂದ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೂ ಅದರ ಪೆಟ್ಟಿಗೆಯ ಅಡಾಪ್ಟರಿಗೆ ಅಪಾಯವಿದ್ದೇ ಇದೆ. ಒಳ್ಳೆಯ ಅರ್ಥಿಂಗ್, ಸರ್ಜ್ ತಡೆಯುವ ಪ್ಲಗ್ಗು ಎರಡೂ ಬೇಕು. ಸಿಡಿಲು ಹತ್ತಿರವಾಗುವ ಮುನ್ನವೇ ಪ್ಲಗ್ ಕೀಳುವುದಕ್ಕೆ ಸಮನಾದ ರಕ್ಷಣೆ ಇನ್ನೊಂದಿಲ್ಲ.

ತೇವಕ್ಕೂ ಡಿಸ್ಕಿಗೂ ಇರುವ ಸಂಬಂಧವನ್ನು ಜನ ತಿರುಗುಮುರುಗಾಗಿ ಅರ್ಥಮಾಡಿಕೊಳ್ಳುತ್ತಾರೆ. ನಡೆಯುತ್ತಿರುವ ಡಿಸ್ಕ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ, ಮಳೆಗಾಲದಲ್ಲಿ ಅದಕ್ಕೆ ತೊಂದರೆ ಕಡಿಮೆ. ಆರಿಸಿ ಬೀರುವಿನಲ್ಲಿಟ್ಟ ಡಿಸ್ಕಿಗೇ ಹೆಚ್ಚು ಅಪಾಯ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿಯಾಡುವ ಸಣ್ಣ ರಂಧ್ರವಿರುತ್ತದೆ, ಹೊರಭಾಗದ ಲೋಹದ ಸಂಪರ್ಕಗಳೂ ತೇವಕ್ಕೆ ಮಂಕಾಗುತ್ತವೆ. ಎತ್ತಿಡುವ ಪ್ರತಿಯನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಕರೆಂಟ್ ಕೊಡಬೇಕು. ಇನ್ನು ಐನ್‌ಮನೆಗಳ ದಪ್ಪ ಮಣ್ಣಿನ ಗೋಡೆಗಳು ವೈಫೈಯನ್ನು ಬಹುಮಟ್ಟಿಗೆ ನುಂಗಿಬಿಡುತ್ತವೆ. ಡಿಸ್ಕನ್ನು ರೂಟರಿಗೆ ತಂತಿಯಲ್ಲೇ ಜೋಡಿಸಿ, ಓದುವ ಕೋಣೆಗೆ 2.4 ಗಿಗಾಹರ್ಟ್ಸ್ ತರಂಗವನ್ನು ಬಳಸಿದರೆ ಸಾಕಾಗುತ್ತದೆ.

ಕಡತ ಎಲ್ಲರಿಗೆ, ಕ್ಯಾಟಲಾಗ್ ಒಬ್ಬರಿಗೆ

ಪುಸ್ತಕಗಳನ್ನು ಜಾಲದಲ್ಲಿ ಇಡುವವರು ಹೆಚ್ಚಾಗಿ ಎಡವುವುದು ಕ್ಯಾಟಲಾಗಿನ ವಿಷಯದಲ್ಲಿ. ಇ-ಪುಸ್ತಕ ಸಂಗ್ರಹಕ್ಕೆ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಉಚಿತ ತಂತ್ರಾಂಶ ಕ್ಯಾಲಿಬರ್. ಕೋವಿದ್ ಗೋಯಲ್ ಎಂಬವರು 2006ರಲ್ಲಿ, ಸೋನಿಯ ಇ-ರೀಡರನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಬೇಕೆಂದು ಬರೆಯತೊಡಗಿದ್ದು ಬೆಳೆದು ಹೀಗಾಯಿತು. ಅದು ಪುಸ್ತಕಗಳನ್ನು ಲೇಖಕರ ಹೆಸರಿನ ಫೋಲ್ಡರು, ಅದರೊಳಗೆ ಕೃತಿಯ ಹೆಸರಿನ ಫೋಲ್ಡರು ಎಂದು ಜೋಡಿಸುತ್ತದೆ. ಪ್ರತಿ ಪುಸ್ತಕದ ಜೊತೆ ಮುಖಪುಟದ ಚಿತ್ರವನ್ನೂ ವಿವರಗಳ ಪುಟ್ಟ ಕಡತವನ್ನೂ ಇಡುತ್ತದೆ. ಇಡೀ ಸಂಗ್ರಹದ ಕ್ಯಾಟಲಾಗ್ ಮಾತ್ರ ಒಂದೇ ಕಡತದಲ್ಲಿರುತ್ತದೆ. ಅದು ಎಸ್‌ಕ್ಯೂಲೈಟ್ ಎಂಬ ಬಗೆಯ ದತ್ತಕೋಶ.

ಎಸ್‌ಕ್ಯೂಲೈಟ್ ಒಂದೇ ಕಂಪ್ಯೂಟರಿನ ಸ್ವಂತ ಡಿಸ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬರೆಯುವಾಗ ಅದು ಕಡತಕ್ಕೆ ಬೀಗ ಹಾಕುತ್ತದೆ, ಬರೆದು ಮುಗಿದ ಮೇಲೆ ತೆಗೆಯುತ್ತದೆ. ಜಾಲದ ಡಿಸ್ಕಿನಲ್ಲಿ ಈ ಬೀಗದ ಸುದ್ದಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಯಾವಾಗಲೂ ಸರಿಯಾಗಿ ತಲುಪುವುದಿಲ್ಲ. ಎರಡು ಲ್ಯಾಪ್‌ಟಾಪುಗಳಲ್ಲಿ ಏಕಕಾಲಕ್ಕೆ ಕ್ಯಾಲಿಬರ್ ತೆರೆದು ಒಂದೇ ಜಾಲದ ಫೋಲ್ಡರನ್ನು ತೋರಿಸಿದರೆ, ಎರಡೂ ತಮ್ಮದೇ ಬೀಗ ಎಂದುಕೊಂಡು ಬರೆದು ಕ್ಯಾಟಲಾಗ್ ಕೆಡಬಹುದು. ಬರೆಯುವ ನಡುವೆ ವೈಫೈ ಕಡಿದರೂ ಇದೇ ಗತಿ. ಕ್ಯಾಲಿಬರ್‌ನ ಕೈಪಿಡಿಯೇ ಪುಸ್ತಕ ಭಂಡಾರವನ್ನು ಜಾಲದ ಡಿಸ್ಕಿನಲ್ಲಿ ಇಡಬೇಡಿ ಎನ್ನುತ್ತದೆ. ಡ್ರಾಪ್‌ಬಾಕ್ಸ್‌ನಂಥ, ಎರಡು ಕಡೆಯ ಪ್ರತಿಗಳನ್ನು ತಾನಾಗಿ ಹೊಂದಿಸುವ ಸೇವೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಹಾಗಾದರೆ ಜಾಲದ ಭಂಡಾರ ಆಗದ ಮಾತೇ? ಆಗುತ್ತದೆ, ಕ್ಯಾಟಲಾಗನ್ನು ತೆರೆಯುವ ಕೆಲಸವನ್ನು ಒಂದೇ ಯಂತ್ರಕ್ಕೆ ವಹಿಸಬೇಕು. ಡಿಸ್ಕ್ ಯಾವ ಯಂತ್ರಕ್ಕೆ ನೇರವಾಗಿ ತಂತಿಯಲ್ಲಿ ಸೇರಿದೆಯೋ ಆ ಯಂತ್ರದಲ್ಲೇ ಕ್ಯಾಲಿಬರ್‌ನ ಸರ್ವರ್ ನಡೆಯಲಿ. ಉಳಿದ ಫೋನು, ಟ್ಯಾಬುಗಳು ಡಿಸ್ಕನ್ನು ಮುಟ್ಟುವುದೇ ಬೇಡ. ಬ್ರೌಸರಿನಲ್ಲಿ ಆ ಯಂತ್ರದ ಮನೆಯೊಳಗಿನ ವಿಳಾಸವನ್ನೂ ಕ್ಯಾಲಿಬರ್ ರೂಢಿಯಾಗಿ ಬಳಸುವ 8080 ಎಂಬ ಸಂಖ್ಯೆಯನ್ನೂ ಕೊಟ್ಟರೆ ಮುಖಪುಟಗಳ ಸಾಲು ತೆರೆದುಕೊಳ್ಳುತ್ತದೆ. ಕೇಳಿದ ಪುಸ್ತಕವನ್ನು ಸರ್ವರ್ ಎತ್ತಿಕೊಡುತ್ತದೆ. ಹಳೆಯ ಕಾಲದ ಸಾರ್ವಜನಿಕ ಗ್ರಂಥಾಲಯದಲ್ಲಿ ಓದುಗರು ಕಪಾಟಿಗೆ ಕೈಹಾಕದೆ ಚೀಟಿ ಬರೆದುಕೊಟ್ಟು ಪುಸ್ತಕ ತರಿಸಿಕೊಳ್ಳುತ್ತಿದ್ದ ಏರ್ಪಾಡು ಇದು. ನ್ಯಾಸ್ ಪೆಟ್ಟಿಗೆಯಾದರೆ ಕ್ಯಾಲಿಬರ್-ವೆಬ್ ಎಂಬ ಇನ್ನೊಂದು ತಂತ್ರಾಂಶವನ್ನು ಅದರೊಳಗೇ ನಡೆಸಬಹುದು. ಎರಡೂ ಓಪಿಡಿಎಸ್ ಎಂಬ ಕ್ಯಾಟಲಾಗ್ ಪದ್ಧತಿಯನ್ನು ಅನುಸರಿಸುವುದರಿಂದ ಕೆಓರೀಡರ್‌ನಂಥ ಓದುವ ಆ್ಯಪ್‌ಗಳು ನೇರವಾಗಿ ಪಟ್ಟಿ ತೆರೆದು ಪುಸ್ತಕ ಇಳಿಸಿಕೊಳ್ಳುತ್ತವೆ.

ಹೊಸ ಪುಸ್ತಕ ಸೇರಿಸುವ ಕೆಲಸಕ್ಕೆ ಜಾಲದಲ್ಲಿ ‘ಹೊಸತು’ ಎಂಬ ಒಂದು ಫೋಲ್ಡರ್ ಸಾಕು. ಮನೆಯ ಯಾರು ಬೇಕಾದರೂ ಅದರಲ್ಲಿ ಕಡತ ಹಾಕಬಹುದು, ಕ್ಯಾಟಲಾಗಿಗೆ ಸೇರಿಸುವುದು ಮಾತ್ರ ಸರ್ವರ್ ಇರುವ ಯಂತ್ರ. ಈ ಒಂದು ಕ್ರಮ ಪಾಲಿಸಿದರೆ ವರ್ಷಗಟ್ಟಲೆ ಕ್ಯಾಟಲಾಗ್ ಕೆಡದೆ ನಡೆಯುತ್ತದೆ.

‘ಕೊಡಗು’ ಎಂದು ಹುಡುಕಿದರೆ

ಕನ್ನಡ ಪುಸ್ತಕಗಳನ್ನು ಡಿಸ್ಕಿನಲ್ಲಿ ಜೋಡಿಸುವಾಗ ಇಂಗ್ಲಿಷಿನವರಿಗೆ ಎದುರಾಗದ ತೊಡಕುಗಳು ಬರುತ್ತವೆ. ಕಡತದ ಹೆಸರಿನ ಉದ್ದ ಮೊದಲನೆಯದು. ಲಿನಕ್ಸ್ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ 85 ಸಂಕೇತಗಳಿಗೆ ಹೆಸರು ಮುಗಿಯಿತು. ಕಾಗುಣಿತ, ಒತ್ತಕ್ಷರ ಎಲ್ಲ ಬೇರೆಬೇರೆ ಸಂಕೇತಗಳಾದ್ದರಿಂದ ‘ಕ್ಷ’ ಒಂದಕ್ಕೇ ಒಂಬತ್ತು ಬೈಟ್ ಹೋಗುತ್ತದೆ. ಲೇಖಕರು, ಕೃತಿ, ಸಂಪುಟ, ಪ್ರಕಾಶಕರು ಎಲ್ಲವನ್ನೂ ಹೆಸರಿನಲ್ಲೇ ತುಂಬುವವರ ಕಡತಗಳು ಪ್ರತಿ ತೆಗೆಯುವಾಗ ನಿಂತುಬಿಡುವುದು ಇದರಿಂದ. ಕ್ಯಾಲಿಬರ್ ಇದನ್ನು ತನ್ನದೇ ರೀತಿಯಲ್ಲಿ ತಪ್ಪಿಸುತ್ತದೆ. ಫೋಲ್ಡರುಗಳ ಹೆಸರನ್ನು ರೋಮನ್ ಅಕ್ಷರಕ್ಕೆ ತಿರುಗಿಸಿ ಇಡುತ್ತದೆ, ಕನ್ನಡದ ಹೆಸರು ಕ್ಯಾಟಲಾಗಿನಲ್ಲಿ ಹಾಗೇ ಉಳಿಯುತ್ತದೆ. ಡಿಸ್ಕನ್ನು ನೇರವಾಗಿ ತೆರೆದವರಿಗೆ ಈ ರೋಮನ್ ಹೆಸರುಗಳು ವಿಚಿತ್ರವಾಗಿ ಕಾಣುತ್ತವೆ. ಅವನ್ನು ಕೈಯಾರೆ ತಿದ್ದಲು ಹೋದರೆ ಕ್ಯಾಟಲಾಗಿಗೂ ಡಿಸ್ಕಿಗೂ ಕೊಂಡಿ ತಪ್ಪುತ್ತದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಯೂನಿಕೋಡಿನಲ್ಲಿ ‘ಕೊ’ ಎಂಬುದನ್ನು ಎರಡು ರೀತಿಯಲ್ಲಿ ಬರೆದಿಡಬಹುದು. ‘ಕ’ದ ಮುಂದೆ ಒ-ಕಾರದ ಒಂದೇ ಸಂಕೇತ ಇಡುವುದು ಒಂದು ರೀತಿ, ಎ-ಕಾರ ಮತ್ತು ಊ-ಕಾರದ ಎರಡು ಸಂಕೇತ ಕೂಡಿಸುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಎರಡನೆಯ ರೀತಿಗೆ ಬಿಡಿಸಿ ಇಡುತ್ತಿದ್ದವು. ಅಲ್ಲಿಂದ ಬಂದ ‘ಕೊಡಗು’ ಎಂಬ ಫೋಲ್ಡರ್ 18 ಬೈಟ್, ವಿಂಡೋಸಿನಲ್ಲಿ ಟೈಪಿಸಿದ್ದು 15 ಬೈಟ್. ಲಿನಕ್ಸ್ ಡಿಸ್ಕ್ ಇವನ್ನು ಬೇರೆಬೇರೆ ಎಂದೇ ಎಣಿಸುತ್ತದೆ. ಒಂದೇ ಹೆಸರಿನ ಎರಡು ಫೋಲ್ಡರು ಅಕ್ಕಪಕ್ಕ ಕಾಣಿಸುತ್ತವೆ, ಹುಡುಕಿದರೆ ಒಂದರಲ್ಲಿರುವುದು ಸಿಗುತ್ತದೆ, ಇನ್ನೊಂದರಲ್ಲಿರುವುದು ಸಿಗುವುದಿಲ್ಲ. ‘ಐನ್‌ಮನೆ’ಯದೂ ಇಂಥದೇ ಸಮಸ್ಯೆ. ‘ನ್’ ಆದ ಮೇಲೆ ಮಕಾರ ಒತ್ತಾಗದಿರಲೆಂದು ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದಿಲ್ಲದೆ ಟೈಪಿಸಿ ಹುಡುಕಿದರೆ ಅದಿರುವ ಹೆಸರು ಸಿಗದೆ ಹೋಗಬಹುದು. ಮುಖ್ಯವಾದ ವಿಷಯಗಳಿಗೆ ಕ್ಯಾಟಲಾಗಿನಲ್ಲಿ ಒಂದು ರೋಮನ್ ಟ್ಯಾಗನ್ನೂ ಸೇರಿಸುವುದು ಇದಕ್ಕೆ ಸರಳ ಪರಿಹಾರ.

ಲೇಖಕರ ಹೆಸರಿನಲ್ಲೂ ಕೊಡಗಿಗೆ ತನ್ನದೇ ರೀತಿ ಇದೆ. ಕ್ಯಾಲಿಬರ್ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿದು ಅಕಾರಾದಿಗೆ ಅದನ್ನೇ ಮುಂದೆ ತರುತ್ತದೆ. ಕೊಡವರಲ್ಲಿ ಮನೆ ಹೆಸರು ಮೊದಲೇ ಬರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ‘ಚಿ’ ಸಾಲಿಗೆ ಹೋಗಿ, ಅದೇ ಮನೆತನದ ಬೇರೆ ಬರಹಗಾರರು ಮತ್ತೆಲ್ಲೋ ಬೀಳುತ್ತಾರೆ. ಹೆಸರನ್ನು ಇದ್ದಂತೆ ನಕಲಿಸುವ ಆಯ್ಕೆ ಕ್ಯಾಲಿಬರ್‌ನಲ್ಲಿದೆ. ಕನ್ನಡ ಭಂಡಾರಕ್ಕೆ ಅದನ್ನೇ ಮೊದಲ ದಿನ ಆರಿಸಿಕೊಳ್ಳಬೇಕು. ಕಾವ್ಯನಾಮಗಳನ್ನು ಒಂದಾಗಿಸುವುದೂ ಅಗತ್ಯ. ಗೌರಮ್ಮನವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದೂ ಬರೆದರು, ಪಂಜೆಯವರು ‘ಕವಿಶಿಷ್ಯ’, ಭಾರತೀಸುತರ ನಿಜ ಹೆಸರು ಎಸ್.ಆರ್. ನಾರಾಯಣರಾವ್. ಹಳೆಯ ಸ್ಕ್ಯಾನ್‌ಗಳು ಯಾವ ಹೆಸರಿನಲ್ಲಿ ಬಂದಿವೆಯೋ ಹೇಳಲಾಗದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪಟ್ಟಿಯಲ್ಲಿ ಕನ್ನಡ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ ಮನಬಂದಂತೆ ಬಿದ್ದಿತ್ತು. ಅವುಗಳನ್ನು ಕನ್ನಡದಲ್ಲೇ ಹುಡುಕುವಂತೆ ಮಾಡಿದ್ದು ಸಂಚಯ ತಂಡದ ‘ಪುಸ್ತಕ ಸಂಚಯ’. ಆ ಕೆಲಸಕ್ಕೆ ಕನ್ನಡ ಓದುಗರು ಋಣಿಯಾಗಿರಬೇಕು. ಭಾಷೆಯ ಕಲಮಿನಲ್ಲಿ ಎಲ್ಲವನ್ನೂ ಕನ್ನಡ ಎಂದು ತುಂಬದೆ ಕೊಡವ ಪುಸ್ತಕಗಳಿಗೆ ಕೊಡವ ಎಂದೇ ನಮೂದಿಸಬೇಕು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಡವಕ್ಕೆ ‘ಕೆಎಫ್‌ಎ’ ಎಂಬ ಸ್ವಂತ ಸಂಕೇತವಿದೆ. ಕೊಡಗಿನ ಇನ್ನೊಂದು ನುಡಿಯಾದ ಅರೆಭಾಷೆಯ ಪುಸ್ತಕಗಳಿಗೆ ಪ್ರತ್ಯೇಕ ಟ್ಯಾಗ್ ಹಾಕಿಕೊಳ್ಳಬಹುದು.

ಪುಸ್ತಕದ ಒಳಗಿನ ಪದಗಳನ್ನು ಹುಡುಕುವುದು ಮೂರನೆಯ ಹಂತ. ಸ್ಕ್ಯಾನ್ ಪುಟ ಬರೀ ಚಿತ್ರ, ಅದರಲ್ಲಿ ಹುಡುಕಲು ಏನೂ ಇಲ್ಲ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡ ಅಚ್ಚನ್ನು ಗುರುತಿಸುತ್ತದೆ. ಹೊಸ ಅಚ್ಚಿನಲ್ಲಿ ಫಲ ಚೆನ್ನಾಗಿದೆ, ಸವೆದ ಮೊಳೆಗಳ ಹಳೆಯ ಅಚ್ಚಿನಲ್ಲಿ ಒತ್ತಕ್ಷರಗಳು ತಪ್ಪುತ್ತವೆ, ಕೊಡವ ಪದಗಳನ್ನು ಅದು ತನಗೆ ಗೊತ್ತಿರುವ ಕನ್ನಡ ಪದಗಳತ್ತ ಎಳೆಯುತ್ತದೆ. ಕಂಪ್ಯೂಟರಿನಲ್ಲೇ ಹುಟ್ಟಿದ ಹಳೆಯ ಪಿಡಿಎಫ್‌ಗಳದು ಇನ್ನೊಂದು ಕತೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಜೋಡಿಸಿದವು ಓದಲು ಚೆನ್ನ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಗೋಜಲು. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದ ಪಠ್ಯವನ್ನು ಮೂಲದ ಪಕ್ಕದಲ್ಲಿಡಬಹುದು. ಮೂಲವನ್ನು ಎಸೆಯಬಾರದು.

ಓದುವ ಸಾಧನದ ವಿಚಾರಕ್ಕೆ ಬಂದರೆ, 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ವಿಭಾಗ ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಕನ್ನಡಕ್ಕೆ ಆಂಡ್ರಾಯ್ಡ್ ಟ್ಯಾಬ್ ಅಥವಾ ಕೆಓರೀಡರ್ ನಡೆಸಬಲ್ಲ ಇ-ಇಂಕ್ ಸಾಧನವೇ ಮೇಲು. ಒತ್ತಕ್ಷರ ಒಡೆದು ಕಂಡರೆ ನೋಟೋ, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳಲ್ಲೊಂದನ್ನು ಹಾಕಿ ನೋಡಬೇಕು. ಸ್ಕ್ಯಾನ್ ಪುಟಗಳಿಗೆ ಆರಂಗುಲದ ಪರದೆ ಕಣ್ಣಿಗೆ ಶಿಕ್ಷೆ. ಹತ್ತಂಗುಲದ ಟ್ಯಾಬ್ ಬೇಕು.

ಬೇರೆ ಊರಿನಲ್ಲೊಂದು ಪ್ರತಿ

ಮನೆಯ ಡಿಸ್ಕನ್ನು ಮೈಸೂರು, ಬೆಂಗಳೂರಿನಲ್ಲಿರುವ ಮಕ್ಕಳೂ ತೆರೆಯುವಂತಾಗಲಿ ಎಂದು ರೂಟರಿನಲ್ಲಿ ದಾರಿ ಬಿಡಿಸುವುದು ಅಪಾಯದ ಕೆಲಸ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕುಗಳನ್ನು ದುಷ್ಕರ್ಮಿಗಳು ದೂರದಿಂದಲೇ ಅಳಿಸಿಹಾಕಿದರು. 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶಗಳು ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದವು. ಅಂತರ್ಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದ ಪೆಟ್ಟಿಗೆಗಳೇ ಇವಕ್ಕೆ ಬಲಿಯಾದದ್ದು. ಹೊರಗಿನಿಂದ ಓದಲೇಬೇಕಾದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಎಂಬ ಗುಪ್ತ ದಾರಿಯ ಮೂಲಕವೇ ಬರಬೇಕು. ಓದುವವರಿಗೆ ಓದುವ ಅನುಮತಿಯಷ್ಟೇ ಇರಲಿ, ಅಳಿಸುವ ಅನುಮತಿ ಬೇಡ.

ಎರಡು ಡಿಸ್ಕಿನ ಪೆಟ್ಟಿಗೆ ಇದ್ದರೆ ಬ್ಯಾಕಪ್ ಇದ್ದಂತೆಯೇ ಎಂಬ ನಂಬಿಕೆ ಬಹಳ ಪುಸ್ತಕಗಳನ್ನು ಕಳೆದಿದೆ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ, ಸಿಡಿಲು ಹೊಡೆದರೆ ಎರಡಕ್ಕೂ ಹೊಡೆಯುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಕ್ರಮವೊಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಕೊಡಗಿನಲ್ಲಿ ಈ ಮೂರನೆಯ ಮಾತು ಪುಸ್ತಕದ ಬದನೆಕಾಯಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಸುತ್ತ ಗುಡ್ಡಗಳು ಜಾರಿದಾಗ ಮನೆಗಳೇ ಹೋದವು, ಮಡಿಕೇರಿಯಿಂದ ಮಂಗಳೂರಿನತ್ತ ಹೋಗುವ ಹೆದ್ದಾರಿಯೂ ಕಡಿದುಹೋಯಿತು. ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಅಂಥ ದಿನ ಮನೆಯಲ್ಲಿ ಎಷ್ಟು ಪ್ರತಿಗಳಿದ್ದರೂ ಲೆಕ್ಕಕ್ಕಿಲ್ಲ. ಒಂದು ಪ್ರತಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿ ಇರಲೇಬೇಕು.

ಅದನ್ನು ಇಂಟರ್ನೆಟ್ಟಿನ ಮೂಲಕ ಕಳಿಸಬೇಕಾಗಿಲ್ಲ. ಮಳೆಗಾಲದ ಸಂಪರ್ಕದಲ್ಲಿ ನೂರಾರು ಜಿಬಿ ಏರಿಸುವುದು ವಾರಗಟ್ಟಲೆಯ ಕೆಲಸ. ಒಕ್ಕದವರೆಲ್ಲ ಸುಗ್ಗಿಯ ಹಬ್ಬವಾದ ಹುತ್ತರಿಗೆ ಹೇಗೂ ಊರಿಗೆ ಬರುತ್ತಾರೆ. ಹಿಂದಿನ ವರ್ಷ ಒಯ್ದ ಡಿಸ್ಕನ್ನು ತಂದು, ಹೊಸ ಪ್ರತಿ ಬರೆದ ಡಿಸ್ಕನ್ನು ಒಯ್ಯಬಹುದು. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಇನ್ನೊಮ್ಮೆ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಹೀಗೆ ಎತ್ತಿಡುವ ಪ್ರತಿಗೆ ಎಸ್‌ಎಸ್‌ಡಿಗಿಂತ ಸಾಮಾನ್ಯ ಹಾರ್ಡ್ ಡಿಸ್ಕ್ ವಾಸಿ. ಕರೆಂಟಿಲ್ಲದೆ ಬಹುಕಾಲ ಇಟ್ಟ ಎಸ್‌ಎಸ್‌ಡಿ ನಿಧಾನಕ್ಕೆ ಮರೆಯುತ್ತದೆ. ಹಾರ್ಡ್ ಡಿಸ್ಕೂ ಶಾಶ್ವತವಲ್ಲ, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ಪ್ರತಿ ಮಾಡಬೇಕು. ಪ್ರತಿ ಮಾಡಿದ ಮೇಲೆ ಎರಡೂ ಕಡೆಯ ಕಡತಗಳಿಂದ ಲೆಕ್ಕಹಾಕಿದ ಗುರುತುಸಂಖ್ಯೆಯಾದ ಚೆಕ್‌ಸಮ್ ಹೋಲಿಸಿ, ಅಲ್ಲೊಂದು ಇಲ್ಲೊಂದು ಪುಸ್ತಕವನ್ನು ನಿಜವಾಗಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸುವಂತಿಲ್ಲ.

ಮುಕ್ತ ಕೃತಿಗಳ ಒಳ್ಳೆಯ ಸ್ಕ್ಯಾನ್ ಮನೆಯಲ್ಲಿದ್ದರೆ ಅದನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಬಹುದು. ಪಠ್ಯವನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ತಿದ್ದಿ ಸೇರಿಸಬಹುದು. ಆಗ ಆ ಪುಸ್ತಕಕ್ಕೆ ಮನೆಯಾಚೆಗೂ ಪ್ರತಿಗಳು ಹುಟ್ಟುತ್ತವೆ.

ಭಂಡಾರ ನೋಡಿಕೊಳ್ಳುವವರು ಒಬ್ಬರೇ ಆಗಿದ್ದರೆ ಅವರ ನಂತರ ಅದನ್ನು ತೆರೆಯುವವರು ಯಾರು ಎಂಬುದನ್ನೂ ಯೋಚಿಸಬೇಕಾಗುತ್ತದೆ. ಯಂತ್ರದ ವಿಳಾಸ, ಪಾಸ್‌ವರ್ಡ್, ಡಿಸ್ಕ್ ಕೊಂಡ ವರ್ಷ, ಅದರ ಕಡತ ವ್ಯವಸ್ಥೆ ಯಾವುದು, ಹೊರಗಿನ ಪ್ರತಿ ಯಾರ ಮನೆಯಲ್ಲಿದೆ, ಯಾವ ಫೋಲ್ಡರಿನದ್ದನ್ನು ಹಂಚಬಹುದು, ಇಷ್ಟನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆದು, ಒಂದನ್ನು ಮನೆಯ ದಾಖಲೆಗಳ ಜೊತೆಗೂ ಇನ್ನೊಂದನ್ನು ಹೊರಗಿನ ಡಿಸ್ಕಿನ ಡಬ್ಬದಲ್ಲೂ ಇಡಬೇಕು. ಪ್ರತಿ ಸಲ ಡಿಸ್ಕ್ ಬದಲಾಯಿಸುವಾಗ ಆ ಕಾಗದದಲ್ಲಿ ದಿನಾಂಕ ಹಾಕಿ ತಿದ್ದಿದರೆ ಮುಂದಿನವರಿಗೆ ಕೆಲಸ ಸುಲಭ.